ಶನಿವಾರದ ಅರವತ್ತನಾಲ್ಕು ಅಕ್ಷರ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮೂರು ಬೇರಿಕೆಯಲ್ಲಿ ಬೀದಿಯವರೆಲ್ಲ ಹೇಳುತ್ತಾರೆ. ಹೇಳಿಕೊಳ್ಳಲಿ. ಪ್ರಿಂಟರಿಗೆ ಪೇಪರ್ ಹಾಕದೆ, ಪ್ರಿಂಟರ್ ಕೆಟ್ಟುಹೋಗಿದೆ ಎಂದು ಫೋನ್ ಮಾಡುವ ಜನರ ಮಧ್ಯೆ ವರ್ಷಗಟ್ಟಲೆ ಇದ್ದವಳು ನಾನು. ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಈಗ ಬರೆಯುತ್ತಿರುವುದರಲ್ಲಿ ಮಾತ್ರ ಬೇರೆ ಯಾರ ಮೇಲೂ ಕೋಪ ಮಾಡಿಕೊಳ್ಳಲು ನನಗೆ ಹಕ್ಕಿಲ್ಲ.

ನಮ್ಮಲ್ಲಿ ಒಂದು ಹಳೆಯ ಅಳತೆ ಮಿಷನ್ ಇತ್ತು. ಅದರ ಕಲ್ಲಿನ ಮೇಜಿನ ಮೇಲೆ ಗಾಡಿಯ ಬಿಡಿಭಾಗ ಇಟ್ಟು ಹಸಿರು ಗುಂಡಿ ಒತ್ತಿದರೆ ಮೇಲಿನಿಂದ ಒಂದು ಸೂಜಿ ಇಳಿದು ಅಲ್ಲಿ ಇಲ್ಲಿ ಮುಟ್ಟಿ ನೋಡುತ್ತಿತ್ತು. ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಬಿಡುತ್ತಿರಲಿಲ್ಲ. ಅದನ್ನು ನಡೆಸುತ್ತಿದ್ದದ್ದು ಪಕ್ಕದಲ್ಲೇ ಇದ್ದ ಒಂದು ಮುದಿ ಕಂಪ್ಯೂಟರ್. ಆ ಮಿಷನ್ ಮಾಡಿದ ಕಂಪನಿ ಬಾಗಿಲು ಹಾಕಿ ಬಹಳ ಕಾಲವಾಗಿತ್ತು.

ಗುಂಡಿ ಒತ್ತುತ್ತಿದ್ದವರು ಕಾಡಂಚಿನ ಸಾನಮಾವಿನ ಕಡೆಯವರೊಬ್ಬರು. ನನಗಿಂತ ಹದಿನೈದು ವರ್ಷ ದೊಡ್ಡವರು, ಅಣ್ಣ ಎಂದು ಕರೆಯುತ್ತಿದ್ದೆ. ಮೊದಲು ತಗಡು ಒತ್ತುವ ಪ್ರೆಸ್ ವಿಭಾಗದಲ್ಲಿದ್ದರು. ಅಲ್ಲಿ ಬಲಗೈಯ ನಾಲ್ಕು ಬೆರಳು ಹೋದ ಮೇಲೆ ಅವರನ್ನು ಈ ಮಿಷನ್ ಹತ್ತಿರ ತಂದು ನಿಲ್ಲಿಸಿದ್ದರು. ಭಾಗವನ್ನು ಎಡಗೈಯಲ್ಲಿ ಇಡುವುದು, ಉಳಿದ ಹೆಬ್ಬೆರಳಿನಲ್ಲಿ ಗುಂಡಿ ಒತ್ತುವುದು. ಊರಿನ ಹತ್ತಿರ ಆನೆ ಇಳಿದ ದಿನ ತಡವಾಗಿ ಬರುತ್ತಿದ್ದರು, ಬಂದವರು ಮೊದಲು ಮಿಷನ್ನಿನ ಕಲ್ಲನ್ನು ಒರೆಸುತ್ತಿದ್ದರು.

"ಈ ಮಿಷನ್ ಇರೋಗಂಟ ನಾನಿರ್ತೀನಿ ಕಣಮ್ಮ," ಎಂದು ಒಮ್ಮೆ ಹೇಳಿದರು. "ಇದು ಹೋದ ದಿನ ನನ್ನೂ ಕಳಿಸ್ಬುಡ್ತಾರೆ. ಕುಡ್ಲು ಹಿಡಿಯೋಕಾಗಲ್ಲ, ಹಾಲು ಕರೆಯೋಕಾಗಲ್ಲ. ಈ ಕೈಗೆ ಉಳ್ಕೊಂಡಿರೋದು ಇದೊಂದೇ ಕೆಲಸ."

ಅವರು ಅದನ್ನು ದುಃಖದಿಂದ ಹೇಳಲಿಲ್ಲ. ಇವತ್ತು ಸಾಂಬಾರಿಗೆ ಉಪ್ಪು ಕಮ್ಮಿ ಎನ್ನುವ ಹಾಗೆ ಹೇಳಿದರು. ನಾನು ಮಾತ್ರ ಆ ಮಾತನ್ನು ಮನಸ್ಸಿಗೆ ಹಾಕಿಕೊಂಡೆ. ಕಂಪ್ಯೂಟರಿನ ಡಿಸ್ಕು ಸಾಯುವ ಮೊದಲು ಅದರ ಇಮೇಜ್ ತೆಗೆದಿಡಬೇಕು ಎಂದು ನಾನೇ ಮ್ಯಾನೇಜರ ಹಿಂದೆ ಬಿದ್ದೆ. ಇಮೇಜ್ ಎಂದರೆ ಡಿಸ್ಕಿನಲ್ಲಿರುವ ವಿಂಡೋಸು, ಮಿಷನ್ನಿನ ಪ್ರೋಗ್ರಾಮು, ಎಲ್ಲವನ್ನೂ ಇದ್ದದ್ದು ಇದ್ದಂತೆ ಒಂದೇ ಫೈಲಾಗಿ ನಕಲು ಮಾಡುವುದು. ಡಿಸ್ಕು ಸತ್ತ ದಿನ ಹೊಸ ಡಿಸ್ಕಿಗೆ ಅದನ್ನು ಇಳಿಸಿದರೆ ಕಂಪ್ಯೂಟರ್ ಏನೂ ಆಗದ ಹಾಗೆ ಎದ್ದು ನಿಲ್ಲಬೇಕು.

ತೆಗೆದ ದಿನ ಶುಕ್ರವಾರ. ಮಧ್ಯಾಹ್ನ ಶುರುವಾದ ನಕಲು ಸಂಜೆಯಾದರೂ ತೆವಳುತ್ತಲೇ ಇತ್ತು. ಇನ್ನೇನು ಮುಗಿಯಿತು ಎನ್ನುವಾಗ ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ಕೆಲವು ಭಾಗ ಓದಲಾಗುತ್ತಿಲ್ಲ, ಮತ್ತೆ ಪ್ರಯತ್ನಿಸಬೇಕೇ, ಬಿಟ್ಟು ಮುಂದೆ ಹೋಗಬೇಕೇ? ಹೊರಗೆ ಕಂಪನಿ ಬಸ್ಸು ಹಾರ್ನ್ ಹೊಡೆಯಿತು. ಅದು ತಪ್ಪಿದರೆ ಬಾಗಲೂರಿಗೆ ಹೋಗಿ ಇನ್ನೊಂದು ಬಸ್ಸಿಗೆ ಕಾಯಬೇಕು. ಎರಡನೆಯ ಹಾರ್ನಿಗೆ ನಾನು 'ಬಿಟ್ಟು ಮುಂದೆ' ಒತ್ತಿದೆ. ಬ್ಯಾಗು ತೆಗೆದುಕೊಂಡು ಓಡಿದೆ. ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು.

ಮಾರನೆಯ ದಿನ ಆ ಫೈಲಿಗೆ ಚೆಕ್‌ಸಮ್ ತೆಗೆದೆ. ಫೈಲಿನಲ್ಲಿರುವುದನ್ನೆಲ್ಲ ಲೆಕ್ಕಕ್ಕೆ ಹಾಕಿ ಹಿಂಡಿದರೆ ಕೊನೆಗೆ ಅರವತ್ತನಾಲ್ಕು ಅಕ್ಷರಗಳ ಒಂದು ಸಾಲು ಬರುತ್ತದೆ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಆಗಾಗ ಲೆಕ್ಕ ಹಾಕಿ, ಮೊದಲು ಬರೆದಿಟ್ಟ ಸಾಲಿಗೆ ತಾಳೆಯಾಗುತ್ತದೆಯೇ ನೋಡಬೇಕು. ತಾಳೆಯಾದರೆ, ಇಟ್ಟದ್ದು ಇಟ್ಟ ಹಾಗೇ ಇದೆ ಎಂದು ಅರ್ಥ. ಇಟ್ಟದ್ದು ಚೆನ್ನಾಗಿತ್ತೇ ಎಂಬುದನ್ನು ಅದು ಹೇಳುವುದಿಲ್ಲ. ಹುಳ ಹಿಡಿದ ಬಿತ್ತನೆ ರಾಗಿಯನ್ನು ಡಬ್ಬಿಗೆ ತುಂಬಿ ಬೀಗ ಹಾಕಿ, ದಿನಾ ಬೀಗ ಎಳೆದು ನೋಡಿದ ಹಾಗೆ. ನನಗೆ ಇದು ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ, ಗೊತ್ತಿತ್ತು.

ತಾಳೆ ನೋಡುವುದನ್ನು ಕಂಪ್ಯೂಟರಿಗೇ ಒಪ್ಪಿಸಬಹುದಿತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತಿತ್ತು. ಆದರೆ ಆಡಿಟಿಗೆ ಬಂದವರು, ಇಬ್ಬರು ನೋಡಬೇಕು, ಒಬ್ಬರು ಓದಬೇಕು, ಇನ್ನೊಬ್ಬರು ಕಾಗದದಲ್ಲಿ ಸರಿ ನೋಡಬೇಕು, ಇಬ್ಬರೂ ಸಹಿ ಹಾಕಬೇಕು ಎಂದು ನಿಯಮ ಮಾಡಿದರು. ಇನ್ನೊಬ್ಬರು ಎಂದರೆ ಮಿಷನ್ ನಡೆಸುವವರೇ.

"ನಂಗೆ ಇಂಗ್ಲಿಷ್ ಬರಲ್ವಲ್ಲಮ್ಮ," ಎಂದು ಅಣ್ಣ ಹಿಂದೆ ಸರಿದರು.

"ಇಂಗ್ಲಿಷ್ ಅಲ್ಲಣ್ಣ. ಹತ್ತು ಅಂಕಿ, ಆರು ಅಕ್ಷರ. ಎ ಇಂದ ಎಫ್ ಗಂಟ ಅಷ್ಟೆ."

ಆರು ಅಕ್ಷರ ತಾನೇ ಎಂದು ಒಪ್ಪಿದರು. ಎರಡು ವಾರದಲ್ಲಿ ಕಲಿತರು. ಬಿ ಮತ್ತು ಡಿ ಮಾತ್ರ ತುಂಬ ದಿನ ಕಾಡಿದವು. ಹೊಟ್ಟೆ ಯಾವ ಕಡೆಗೆ ಎಂದು ಕೇಳುತ್ತಿದ್ದರು.

ಅಲ್ಲಿಂದ ಪ್ರತಿ ಶನಿವಾರ ಊಟವಾದ ಮೇಲೆ ನಮ್ಮ ಪಾರಾಯಣ. ನಾನು ಪರದೆ ನೋಡಿ ನಾಲ್ಕು ನಾಲ್ಕು ಅಕ್ಷರ ಓದುವುದು, ಅವರು ಲ್ಯಾಮಿನೇಟ್ ಮಾಡಿಸಿದ ಹಾಳೆಯ ಮೇಲೆ ಹೆಬ್ಬೆರಳು ಜರುಗಿಸಿ "ಊಂ" ಎನ್ನುವುದು. ಹದಿನಾರು ಊಂ. ಕೊನೆಯ ಊಂ ಸ್ವಲ್ಪ ಜೋರಾಗಿರುತ್ತಿತ್ತು. ಆಮೇಲೆ ಎಡಗೈಯಲ್ಲಿ ನಿಧಾನವಾಗಿ ಸಹಿ ಹಾಕಿ, "ಇನ್ನೊಂದು ವಾರ ಬದುಕಿದ್ವಿ," ಎನ್ನುತ್ತಿದ್ದರು. ಪ್ರೆಸ್ಸಿನವರು ಆ ಕಡೆಯಿಂದ ಹೋಗುತ್ತಾ, "ಏನ್ಲಾ, ಮಂತ್ರಕ್ಕಿಂತ ಉಗುಳೇ ಜಾಸ್ತಿ ಆಯ್ತಲ್ಲೋ," ಎಂದು ರೇಗಿಸುತ್ತಿದ್ದರು. "ನಿಮ್ಗೇನ್ ಗೊತ್ತು ಹೋಗ್ರಲಾ, ಇದು ಜಮೀನು ಪತ್ರ ಇದ್ದಂಗೆ," ಎಂದು ಅಣ್ಣ ಅವರನ್ನು ಓಡಿಸುತ್ತಿದ್ದರು.

ಪ್ರತಿ ಶನಿವಾರ ನನಗೆ ಆ ಹಾರ್ನ್ ನೆನಪಾಗುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಯಾರೂ ಏನೂ ಕೇಳದಿದ್ದರೂ ನಾನು ಮುಟ್ಟಿಕೊಳ್ಳುತ್ತಿದ್ದೆ. ಇನ್ನೊಂದು ಇಮೇಜ್ ತೆಗೆದರೆ ಮುಗಿಯುತ್ತಿತ್ತು. ಆದರೆ ಹಾಗೆ ಮಾಡಿದರೆ ಸಾಲು ಬದಲಾಗುತ್ತದೆ, ಹಳೆಯ ಹಾಳೆ ರದ್ದಾಗುತ್ತದೆ, ಯಾಕೆ ಎಂದು ಕಾರಣ ಬರೆಯಬೇಕಾಗುತ್ತದೆ. ಅಷ್ಟರಲ್ಲಿ ಅಣ್ಣ ಇನ್ನೊಂದು ಕೆಲಸ ಮಾಡಿದ್ದರು. ಅರವತ್ತನಾಲ್ಕನ್ನೂ ಬಾಯಿಪಾಠ ಮಾಡಿಕೊಂಡಿದ್ದರು. ಇವರಿಗೆ ಬಾಯಿಗೆ ಬಂದಿದೆ, ಈಗ ಬದಲಾಯಿಸುವುದು ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಎಂಥ ನೆಪ ನೋಡಿ. ಆ ನೆಪದಲ್ಲಿ ವರ್ಷಗಳು ಹೋದವು.

ಡಿಸ್ಕು ಸತ್ತದ್ದು ಒಂದು ಮಂಗಳವಾರ ಬೆಳಿಗ್ಗೆ. ಅಣ್ಣನಿಗೆ ಗಾಬರಿಯೇ ಆಗಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, "ನಮ್ದು ಭದ್ರವಾಗೈತೆ, ಮೊನ್ನೆ ಶನಿವಾರ ತಾನೇ ನೋಡಿದ್ವಿ," ಎಂದರು. ಹೊಸ ಡಿಸ್ಕು ಹಾಕಿ ಇಮೇಜ್ ಇಳಿಸಿದೆ. ವಿಂಡೋಸ್ ಎದ್ದಿತು. ಅಣ್ಣ ನನ್ನ ಬೆನ್ನು ತಟ್ಟಿದರು. ಆಮೇಲೆ ಮಿಷನ್ನಿನ ಪ್ರೋಗ್ರಾಮ್ ತೆರೆದೆ. ಒಂದು ಫೈಲು ಓದಲಾಗುತ್ತಿಲ್ಲ ಎಂದು ಕೆಂಪಕ್ಷರದಲ್ಲಿ ಬರೆದು ನಿಂತುಬಿಟ್ಟಿತು.

ಅದು ಯಾವ ಫೈಲು ಎಂದು ಹುಡುಕಿ ನೋಡಿದೆ. ಪ್ರತಿ ಅಳತೆ ಮಿಷನ್ನಿಗೂ ಹುಟ್ಟಿನಿಂದ ಬಂದ ಸಣ್ಣ ಸೊಟ್ಟ ಇರುತ್ತದೆ. ಆ ಸೊಟ್ಟ ಎಷ್ಟು, ಎಲ್ಲಿ ಎಂದು ಮಿಷನ್ ಕೂರಿಸಿದ ದಿನ ಅಳೆದು ಒಂದು ಫೈಲಿನಲ್ಲಿ ಬರೆದಿರುತ್ತಾರೆ. ಅದಿಲ್ಲದೆ ಮಿಷನ್ ಅಳೆಯುವುದಿಲ್ಲ, ಅಳೆದರೂ ಸುಳ್ಳು. ಮುದಿ ಡಿಸ್ಕು ನಾಲ್ಕು ಸಲ ಕೇಳಿದರೆ ಆ ಫೈಲನ್ನು ಕೊಡುತ್ತಿತ್ತು. ನಾನು ಎರಡನೆಯ ಸಲ ಕೇಳಿರಲಿಲ್ಲ. ಬೆಂಗಳೂರಿನ ರಿಕವರಿ ಅಂಗಡಿಯವರು ಸತ್ತ ಡಿಸ್ಕನ್ನು ಬಿಚ್ಚಿ ನೋಡಿ ಕೈ ಅಲ್ಲಾಡಿಸಿದರು. ಮಿಷನ್ ಮಾರಿದ ಹಳೆಯ ಏಜೆಂಟನಿಗೆ ಫೋನ್ ಮಾಡಿದರೆ ಅಂಥ ಕಂಪನಿ ಒಂದಿತ್ತು ಎಂಬುದೇ ಅವನಿಗೆ ಮರೆತಿತ್ತು.

ಮ್ಯಾನೇಜರ ಮುಂದೆ ಹೋಗಿ ನಿಂತು ಎಲ್ಲ ಹೇಳಿದೆ. ಬಯ್ಯಲಿ ಎಂದು ಕಾದೆ. ಅವರು ತಮಿಳಿನಲ್ಲಿ, "ಪರವಾಯಿಲ್ಲೆಮ್ಮಾ, ಪುದು ಮಿಷಿನ್ ವಂದುಡುಂ," ಎಂದರು. ಪರವಾಗಿಲ್ಲ, ಹೊಸ ಮಿಷನ್ ಬಂದುಬಿಡುತ್ತದೆ. ಅವರಿಗೆ ಅದು ಬೇಕಾಗಿಯೇ ಇತ್ತು. ಹೊಸದನ್ನು ನಡೆಸಲು ಡಿಪ್ಲೊಮಾ ಓದಿದವರು ಬೇಕು. ಅಣ್ಣನನ್ನು ಗೇಟಿಗೆ ಹಾಕಿ, ಸ್ಟೋರಿಗೆ ಹಾಕಿ ಎಂದು ಗೋಗರೆದೆ. ಅದೆಲ್ಲ ಕಾಂಟ್ರಾಕ್ಟಿನವರದು ಎಂದರು. ನನ್ನ ಕೆಲಸಕ್ಕೆ ಏನೂ ಆಗಲಿಲ್ಲ.

ಕೆಲಸ ಬಿಟ್ಟು ಹೋಗುವ ದಿನ ಅಣ್ಣ ಹಾಳೆ ಹಿಡಿದುಕೊಂಡು ನನ್ನ ಮೇಜಿಗೆ ಬಂದರು. "ಇನ್ನೊಂದ್ಸತಿ ಓದಮ್ಮ," ಎಂದರು.

ಓದಿದೆ. ಹದಿನಾರು ಊಂ. ತಾಳೆಯಾಯಿತು.

"ಯಾವ್ದೋ ಒಂದು ಶನಿವಾರ ನಾನು ಬಿ ಇದ್ದದ್ದ ಡಿ ಅಂತ ನೋಡ್ಬುಟ್ಟಿದ್ದೀನಿ," ಎಂದರು. "ಓದು ಬರದೋನ ಕೈಗೆ ಕೊಡಬಾರದಿತ್ತು ಕಣಮ್ಮ."

ನನಗೆ ಅಳು ಬಂತು, ಅದರ ಹಿಂದೆಯೇ ಕೋಪವೂ ಬಂತು. "ನಿಮ್ಮ ತಪ್ಪಲ್ಲಣ್ಣ. ಬಸ್ಸಿಗೆ ಹೊತ್ತಾಯ್ತು ಅಂತ ನಾನು ಅರ್ಧಕ್ಕೆ ಬಿಟ್ಟು ಹೋಗಿದ್ದೆ. ಅವತ್ತೇ ಕೆಟ್ಟಿತ್ತು ಅದು. ನಾವು ಓದ್ತಾ ಇದ್ದಿದ್ದೇ ಕೆಟ್ಟಿದ್ದನ್ನ," ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಹೆಬ್ಬೆರಳಿನಲ್ಲಿ ಹಾಳೆಯ ಮೂಲೆ ಸವರಿದರು. "ನೀನು ಒಳ್ಳೇವ್ಳು ಕಣಮ್ಮ. ನಾನು ನೊಂದ್ಕತೀನಿ ಅಂತ ಹಂಗ್ ಹೇಳ್ತಿದ್ದೀಯ," ಎಂದರು. ಹಾಳೆಯನ್ನು ತೆಗೆದುಕೊಂಡು ಹೋಗಬಹುದೇ ಎಂದು ಕೇಳಿದರು. ಕೊಟ್ಟೆ.

ಹೋದ ತಿಂಗಳು ಬೇರಿಕೆಯ ಬಸ್ ಸ್ಟಾಪಿನಲ್ಲಿ ಮತ್ತೆ ಸಿಕ್ಕರು. ಕೆಲಸ ಎಲ್ಲೂ ಸಿಕ್ಕಿಲ್ಲವಂತೆ. ಗುಲಾಬಿ ತೋಟವೊಂದರಲ್ಲಿ ಕಾವಲಿಗೆ ಕೇಳಲು ಬಂದಿದ್ದರಂತೆ, ಕೈ ನೋಡಿ ಬೇಡ ಎಂದರಂತೆ. ಇದಿಷ್ಟನ್ನು ಹೇಳಿ ಮುಗಿಸಿ, ಜನ ಇದ್ದಾರೆಂದೂ ನೋಡದೆ, "ಅದು ನಂಗಿನ್ನೂ ಬಾಯಲ್ಲೈತೆ ಕಣಮ್ಮ. ಹೇಳ್ತೀನಿ, ತಪ್ಪಿದ ಕಡೆ ಹೇಳು," ಎಂದರು.

ತಪ್ಪು ನನ್ನದೇ ಎಂದು ಮತ್ತೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಶುರು ಮಾಡಿಬಿಟ್ಟಿದ್ದರು. ನಾಲ್ಕು ಅಕ್ಷರಕ್ಕೊಮ್ಮೆ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಇಷ್ಟು ವರ್ಷ ಓದಿದ ನನಗೆ ಆ ಸಾಲಿನ ಒಂದು ಅಕ್ಷರವೂ ನೆನಪಿರಲಿಲ್ಲ. ಅವರು ಹೇಳುತ್ತಿದ್ದುದು ಸರಿಯೋ ತಪ್ಪೋ ನನಗೆ ಗೊತ್ತಾಗುತ್ತಿರಲಿಲ್ಲ. ಬಸ್ಸು ಬಂದು ನಿಂತು ಹಾರ್ನ್ ಹೊಡೆಯಿತು. ನಾನು ಹತ್ತಲಿಲ್ಲ. ಅವರು ನಿಲ್ಲಿಸಿದ ಕಡೆಯಲ್ಲೆಲ್ಲ ಊಂ ಎಂದೆ, ಹದಿನಾರು ಸಲ.