ಅಗಸಿ ಹೂವಿನ ಬಣ್ಣದ ಟ್ರ್ಯಾಕ್ಟರ್

"ಕೊಟಗ್ಯಾಗ ಎಮ್ಮಿ ಕಟ್ಟಿ ಬಾ ಅಂದ್ರ ಟ್ರ್ಯಾಕ್ಟರ್ ತೊಳದ ಬರ್ತಾಳ, ಆಕಿ!" ಖಾನಾಪುರದ ನಮ್ಮ ಓಣಿಯ ಹೆಂಗಸರು ಬಸವಣ್ಣೆವ್ವನ ಬಗ್ಗೆ ಹೀಗೆ ಹೇಳಿ ನಗುತ್ತಿದ್ದರು. ಗಂಡಸರು ನಗುತ್ತಿರಲಿಲ್ಲ. ಆಕೆ ಕಚ್ಚೆ ಹಾಕಿ ಸ್ಟೇರಿಂಗ್ ಹಿಡಿದು ಬಂದರೆ ಬೇರೆ ಕಡೆ ಮುಖ ತಿರುವುತ್ತಿದ್ದರು.

ಆಕೆಯ ತವರಿನ ಬಂಗಾರ ಹಾಕಿ ಕೊಂಡ ಟ್ರ್ಯಾಕ್ಟರ್ ಅದು. ಗಂಡ ತೀರಿಕೊಂಡ ಮೇಲೆ ಮೈದುನ ಮಾಯಪ್ಪ, "ವೈನೀ, ನಿಮಗ್ಯಾಕ ಇದರ ಉಸಾಬರಿ" ಎಂದು ತನ್ನ ಹಿತ್ತಿಲಿಗೆ ಹೊಡೆದುಕೊಂಡು ಹೋದ. ಬಾನೆಟ್ ಉಜ್ಜಿಸಿ, ಕೆಂಪು ಬಳಿಸಿ, ತನ್ನ ಹೆಸರು ಬರೆಸಿದ. ಆಮೇಲೆ ಪ್ರತಿ ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚಿ ಉಳಿದ ಬಣ್ಣವೆಲ್ಲ ಅದರ ಮೈಗೇ. ಕೊನೆಗೆ ಅದು ಕೆಟ್ಟು ನಿಂತಾಗ, "ಬೇಕಾದ್ರ ಒಯ್ರಿ" ಅಂದ. ಬಸವಣ್ಣೆವ್ವ ಎತ್ತು ಹೂಡಿ ಎಳೆಸಿಕೊಂಡು ಬಂದಳು, ಎಂಜಿನ್ ರಿಪೇರಿ ಮಾಡಿಸಿದಳು. ಆದರೂ ಓಣಿಯವರು ಕೇಳಿದ್ದು, "ಮಾಯಪ್ಪನ ಗಾಡಿ ಚಾಲೂ ಆತೇನು?"

ಆ ಮಾತು ನಾಟಿತು. ಗಾಡಿ ಬಂದ ದಿನದ ಬಣ್ಣವೇ ತಿರುಗಿ ಬರಬೇಕು, ಆಗ ಅದು ತನ್ನದು ಎಂದು ಹಟ ಹಿಡಿದಳು.

ಮಚ್ಛೆಯಿಂದ ಪೇಂಟರ್ ಬಾಳೇಶ ಬಂದು ಬಾನೆಟ್ ಕೆರೆದ. ಹಸಿರು ಬಂತು, ಹಳದಿ ಬಂತು, ಮಾಯಪ್ಪನ ಕೆಂಪು ಬಂತು, ತಳದಲ್ಲಿ ಇಟ್ಟಂಗಿ ಬಣ್ಣ.

"ಆಯೀ, ಇದು ಹುಟ್ಟಾ ಕೆಂಪ ಐತ್ರಿ."

ಕಟ್ಟೆಯ ಮೇಲೆ ಕುಳಿತಿದ್ದ ಮಾಯಪ್ಪ, "ನಾ ಹೇಳಿದ್ನಿಲ್ಲ?" ಅಂದ.

"ಲೇ ಬಾಳ್ಯಾ, ನಮ್ಮ ಕಿಡಕಿ ಸಳಿಗೆ ತುಕ್ಕ ಹಿಡೀಬಾರದಂತ ಮೊದಲ ಏನ ಹಚ್ಚಿದ್ದಿ?" ಬಸವಣ್ಣೆವ್ವ ಕೇಳಿದಳು.

"ರೆಡಾಕ್ಸೈಡ್ ರೀ."

"ಕಂಪನ್ಯಾವ್ರೂ ತಳಕ್ಕ ಅದನ್ನ ಹಚ್ಚ್ಯಾರ. ಅದರ ಮ್ಯಾಲಿಂದನ್ನ ಈ ಶ್ಯಾಣ್ಯಾ ಉಜ್ಜಿ ತಗದಾನ. ಬ್ರಷ್ ಮುಟ್ಟದ ಜಾಗಾ ಹುಡಕು."

ಡೀಸೆಲ್ ಟಾಕಿ ಬಿಗಿದ ಕಬ್ಬಿಣದ ಪಟ್ಟಿಯನ್ನು ಬಿಚ್ಚಿದರು. ಪಟ್ಟಿ ಕೂತಿದ್ದ ಜಾಗವನ್ನು ಬಟ್ಟೆಗೆ ಸೀಮೆಎಣ್ಣೆ ಹಾಕಿ ಆಕೆಯೇ ಒರೆಸಿದಳು. ಜಿಡ್ಡಿನ ಕೆಳಗೆ ಅಗಸಿ ಹೂವಿನ ನೀಲಿ! ಮಾಯಪ್ಪ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದ.

ಟಾಕಿಯನ್ನೇ ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ಮಚ್ಛೆಗೆ ಹೋದಳು. ಬಾಳೇಶ ಬಣ್ಣ ಕಲಸಿ, ತಗಡಿನ ತುಂಡಿಗೆ ಹಚ್ಚಿ, "ಬರೋಬ್ಬರಿ ಹೊಂದೇತ್ರಿ" ಅಂದ.

"ಹಸೀ ಬಣ್ಣಾ ನಂಬತೀಯೇನ? ಒಣಗಲಿ. ಆಮ್ಯಾಲ ಹೊರಗ ತಾ. ನಾ ಟ್ಯೂಬ್‌ಲೈಟಿನ್ಯಾಗ ಹೊಲಾ ರಂಟಿ ಹೊಡಿಯಾಂಗಿಲ್ಲ."

ಬಿಸಿಲಲ್ಲಿ ಒಣಗಿದ ತುಂಡು ಕಪ್ಪಗಾಗಿತ್ತು. ಬಿಳಿ ಸುರಿದು ಮತ್ತೆ ಕಲಸಿದ. ಆಕೆ ಒಪ್ಪಲಿಲ್ಲ. "ಆಯೀ, ನೀವ ಕಲಸ್ರಿ" ಎಂದು ಸಿಟ್ಟಾದ. "ಕಲಸ್ತೀನಿ, ಸರಿ ಆಕಡೆ" ಎಂದು ಕಡ್ಡಿ ಹಿಡಿದಳು. ಹೊತ್ತು ಇಳಿಯುವಷ್ಟರಲ್ಲಿ ತಗಡನ್ನು ಟಾಕಿಯ ಮೇಲಿಟ್ಟರೆ ಅಂಚು ಹುಡುಕಬೇಕಾಯಿತು.

ನೀಲಿ ಟ್ರ್ಯಾಕ್ಟರ್ ಮೇಲೆ ಸೊಸೆ ಸಮೃದ್ಧಿಗೆ ಹೊಡೆಯಲು ಕಲಿಸಿದಳು. "ನಾ ಸತ್ತರ ಇದರ ಟ್ರೈಲರಿನ್ಯಾಗ ಕುಂದರಸ್ರಿ. ಹೊಡಿಯಾಕಿ ನೀನ. ನನ್ನ ಮಾರಿ ಮುಂದ ಇರಲಿ" ಅನ್ನುತ್ತಿದ್ದಳು.

ಹೋದ ವರ್ಷ ಅಗಸಿ ಹೂಬಿಡುವ ಕಾಲಕ್ಕೆ ತೀರಿಕೊಂಡಳು. ನಮ್ಮ ಲಿಂಗಾಯತ ಪದ್ಧತಿಯಂತೆ ದೇಹವನ್ನು ಕೂಡಿಸಿ, ವಿಭೂತಿ ಹಚ್ಚಿ, ಹೂವಿನ ಮಂಟಪವನ್ನು ಟ್ರೈಲರಿಗೆ ಏರಿಸಿದರು. ಮಾಯಪ್ಪ ಅಡ್ಡ ಬಂದ.

"ಮಣ್ಣಿಗೆ ಹೊಂಟ ಗಾಡಿ ಹೆಣ್ಮಗಳು ಹೊಡಿಯೂದಾ? ಕೀಲಿ ತಾ."

"ಕೀಲಿ ನಮ್ಮತ್ತಿದು, ಕಾಕಾರ. ಬಾಜು ಸರೀರಿ."

ಎಂಜಿನ್ ಗುಡುಗಿತು. "ಬಸವಣ್ಣೆವ್ವನ ಗಾಡಿ ಬಂತು, ದಾರಿ ಬಿಡ್ರಿ!" ಎಂದು ಓಣಿಯಲ್ಲಿ ಯಾರೋ ಕೂಗಿದರು. ಮಾಯಪ್ಪ ಸರಿದ. ನೀಲಿ ಬಾನೆಟ್ ಬಿಸಿಲಿಗೆ ಬಂತು. ಅದರ ಹಿಂದೆ ಬಸವಣ್ಣೆವ್ವ, ದಾರಿಗೆ ಮುಖ ಮಾಡಿ, ನೆಟ್ಟಗೆ ಕುಳಿತು ಮನೆ ಬಿಟ್ಟಳು.