ಮೂವತ್ತೊಂದನೆಯ ದಿನ

ಮಿಸಿಸಿಪ್ಪಿ ಸೇತುವೆ ದಾಟಿ ಇಲಿನಾಯ್‌ನ ಗೋದಾಮಿನ ಮುಂದೆ ಲಾರಿ ನಿಲ್ಲಿಸಿದ ಮಾರ್ಲಾ ಕೆಲ್ಸೊ ಮೊದಲು ಗಡಿಯಾರ ನೋಡಿದಳು. ಏಳು ಗಂಟೆ. ಇಪ್ಪತ್ತು ವರ್ಷಗಳಿಂದ ಅವಳು ಕಬ್ಬಿಣದ ತೂಕದ ಬಟ್ಟುಗಳನ್ನು ಹೇರಿಕೊಂಡು ರಾಜ್ಯದಿಂದ ರಾಜ್ಯಕ್ಕೆ ಹೋಗಿ, ಜೋಳದ ಲಾರಿ ತೂಗುವ ವೇಬ್ರಿಡ್ಜ್‌ಗಳನ್ನು ಪರೀಕ್ಷಿಸುತ್ತಾಳೆ. ಮನೆಯೂ ಕಂಪನಿಯೂ ಮಿಸೌರಿಯಲ್ಲಿ.

ಹೊರ ರಾಜ್ಯದವರು ತನ್ನ ನೆಲದಲ್ಲಿ ವರ್ಷಕ್ಕೆ ಮೂವತ್ತು ದಿನಕ್ಕಿಂತ ಹೆಚ್ಚು ದುಡಿದರೆ ಇಲಿನಾಯ್ ತೆರಿಗೆ ಕೇಳುತ್ತದೆ. ಮಾರ್ಲಾಳ ಪುಸ್ತಕದಲ್ಲಿ ಇಲಿನಾಯ್‌ನ ಹೆಸರಿಗೆ, ದಿನಕ್ಕೊಂದರಂತೆ, ಸರಿಯಾಗಿ ಮೂವತ್ತು ಗೀಟುಗಳಿದ್ದವು. ಇಲ್ಲಿ ಕಟ್ಟಿದ್ದನ್ನು ಮಿಸೌರಿ ತನ್ನ ತೆರಿಗೆಯಲ್ಲಿ ಕಳೆಯುತ್ತದೆ, ಹಣದ ಚಿಂತೆಯಿಲ್ಲ. ಆದರೆ ಈಗಾಗಲೇ ನಾಲ್ಕು ರಾಜ್ಯಗಳ ಫಾರ್ಮು ತುಂಬುವ ಗಂಡ ಡ್ವೇನ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಐದನೇದು ಬಂದ್ರೆ ನೀನೇ ತುಂಬ್ಕೋ." ಮಾರ್ಲಾಳಿಗೆ ಫಾರ್ಮು ಕಂಡರಾಗದು.

ದಾರಿ ಒಂದಿತ್ತು. ಆ ದಿನದ ಕೆಲಸದ ಹೆಚ್ಚು ಹೊತ್ತು ಎಲ್ಲಿ ಕಳೆಯಿತೋ ಆ ದಿನ ಆ ರಾಜ್ಯದ್ದು. ಇಲ್ಲಿ ಮೂರು ಗಂಟೆಯಲ್ಲಿ ಮುಗಿಸಿ, ಮಧ್ಯಾಹ್ನ ಮಿಸೌರಿಯಲ್ಲಿ ನಾಲ್ಕು ಗಂಟೆ ದುಡಿದರೆ ಪಾರು.

ಆದರೆ ವೇಬ್ರಿಡ್ಜಿನ ಒಂದು ಮೂಲೆ ಎಂಬತ್ತು ಪೌಂಡ್ ಕಡಿಮೆ ತೋರಿಸಿತು. ಬಗ್ಗಿ ನೋಡಿದರೆ ಅಡಿಯಲ್ಲಿ ಕೆಸರು, ಜೋಳದ ದಿಂಡು ಗಟ್ಟಿಯಾಗಿ ತುಂಬಿಕೊಂಡಿದ್ದವು.

"ಇದನ್ನ ಯಾವಾಗ ತೊಳೆಸಿದ್ರಿ ಸಾಹೇಬ್ರೇ? ಮದುವೆಗೆ ಮುಂಚೇನಾ?"

"ಎರಡನೇ ಮದುವೆಗೆ ಮುಂಚೆ," ಎಂದ ಗೋದಾಮಿನ ಮೇಲ್ವಿಚಾರಕ ವರ್ಜಿಲ್ ಓಟ್ಕೆನ್. "ಹಂಗೇ ಬಿಟ್ಟು ಹೋಗ್ಬೇಡ ತಾಯಿ. ಹೊರಗೆ ಒಂಬತ್ತು ಲಾರಿ ನಿಂತಿವೆ."

ಕೆರೆದು ತೆಗೆಯಲು ಮಧ್ಯಾಹ್ನವಾದರೂ ಆದೀತು. ಮಾರ್ಲಾ ಗಂಡನಿಗೆ ಫೋನ್ ಮಾಡಿ ಗೋಳು ತೋಡಿಕೊಂಡಳು.

"ಮೂವತ್ತು ಅಂತೀಯಲ್ಲ, ಹೆಂಗೆ ಎಣಿಸ್ದೆ?" ಎಂದ ಡ್ವೇನ್.

"ಇನ್ಹೆಂಗೆ? ಎಲ್ಲಿ ಮಲಗಿದ್ನೋ ಆ ರಾಜ್ಯಕ್ಕೆ ಒಂದು ಗೀಟು."

"ಮೇ ತಿಂಗಳಲ್ಲಿ ಆರು ದಿನ ಆ ಕಡೆ ಕೆಲಸ ಮಾಡಿ ರಾತ್ರಿ ಮನೆಗೇ ಬಂದ್ಯಲ್ಲ, ಅದು?"

ಮಾರ್ಲಾ ಪುಸ್ತಕದಲ್ಲಿ ಮೇ ತಿಂಗಳ ಹಾಳೆ ತಿರುವಿದಳು. ಮೋಟೆಲಿನಿಂದ ಮೋಟೆಲಿಗೆ ಓಡಾಡುವವರಿಗೆ ದಿನವೆಂದರೆ ಹಾಸಿಗೆ. ಕಾನೂನು ಕೇಳುವುದು ದುಡಿದ ಜಾಗವನ್ನು; ಇವತ್ತಿನ ಲೆಕ್ಕಕ್ಕೆ ನೆನಪಾದ ಆ ನಿಯಮವನ್ನು ಅವಳು ಹಳೆಯ ಗೀಟುಗಳಿಗೆ ಹಚ್ಚಿರಲೇ ಇಲ್ಲ.

"ನೀನು ನಿನ್ನೇನೇ ಮೂವತ್ತಾರು ಮುಗಿಸಿದ್ದೀಯ ಕಣೇ! ಪೆನ್ನು ಬೇಕಾದ್ರೆ ನಾನು ಕೊಡಿಸ್ತೀನಿ." ಡ್ವೇನ್ ನಗುವುದು ವರ್ಜಿಲ್‌ಗೂ ಕೇಳಿಸಿತು.

ಮಾರ್ಲಾಳಿಗೂ ನಗು ಬಂತು. ಫೋನ್ ಇಟ್ಟು, ಮಿಸೌರಿಯ ಕೆಲಸವನ್ನು ಮರುದಿನಕ್ಕೆ ಹಾಕಿಸಿದಳು.

"ಏನಾಯ್ತಮ್ಮ?"

"ಅವಸರ ಹೋಯ್ತು. ಆ ಸಲಿಕೆ ಇತ್ಲಾಗೆ ಕೊಡಿ. ಊಟ ಮಾತ್ರ ನಿಮ್ಮದೇ."

ಎರಡೂವರೆಗೆ ನಾಲ್ಕು ಮೂಲೆಗಳೂ ಒಂದೇ ತೂಕ ತೋರಿಸಿದವು. ಅವಳು ಮುದ್ರೆ ಅಂಟಿಸಿದಳು, ಮೊದಲ ಲಾರಿ ಮೇಲೇರಿತು. ಫೆಬ್ರುವರಿಯಲ್ಲಿ, ತೆರಿಗೆ ಲೆಕ್ಕ ಕೊಡುವ ಹೊತ್ತಿಗೆ, ಡ್ವೇನ್ ನಾಲ್ಕು ಫಾರ್ಮು ತುಂಬುತ್ತಾನೆ, ಇಲಿನಾಯ್‌ನದನ್ನು ಮಾರ್ಲಾ ತುಂಬುತ್ತಾಳೆ.