ಹೊಣೆ ಕೇಳುತ್ತಿದ್ದ ನರ್ಸಬಾಯಿ

ಟಿಳಕವಾಡಿಯಲ್ಲಿ ನಮ್ಮ ಬಾಜೂಮನೆಯಲ್ಲಿದ್ದ ನಿವೃತ್ತ ನರ್ಸಬಾಯಿ, ಯಾರಾದರೂ ನಲ್ಲಿ ತೆರೆದಿಟ್ಟು ಹೋದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, “ಇದು ಯಾರ ಹೊಣಿ?” ಎಂದು ಕೇಳುತ್ತಿದ್ದರು. ಖಾನಾಪುರದಲ್ಲಿ ಮನೆ ಕಟ್ಟಲು ಅವರು ಕೂಡಿಸಿದ್ದ ಹಣವೆಲ್ಲ ಮುಳುಗುತ್ತಿದ್ದ ಸಹಕಾರಿ ಬ್ಯಾಂಕಿನಲ್ಲಿ ಸಿಕ್ಕಿಕೊಂಡಿತ್ತು. ಸರ್ಕಾರ ದುಡ್ಡು ಕೊಟ್ಟು ಬ್ಯಾಂಕನ್ನು ಉಳಿಸಿತು. ಠೇವಣಿ ಮಾತ್ರ ಯಾರಿಗೂ ಮರಳಲಿಲ್ಲ. ಮಂತ್ರಿಗಳೂ ಬಂದಿದ್ದ ಆ ವರ್ಷದ ಬ್ಯಾಂಕಿನ ಸಭೆಯಲ್ಲಿ ಅಧ್ಯಕ್ಷರು ಮೇಲಧಿಕಾರಿಗಳ ಬೋನಸ್ಸಿನ ಠರಾವು ಓದಿದಾಗ, ಎಲ್ಲರೂ ರೂಢಿಯಂತೆ “ಮಂಜೂರ, ಮಂಜೂರ” ಎಂದು ಕೂಗಿದರು. ನನ್ನ ಪಕ್ಕದಲ್ಲಿದ್ದ ನರ್ಸಬಾಯಿ ಸೆರಗು ಸಿಕ್ಕಿಸಿ ಎದ್ದರು.

“ಮಂತ್ರಿಸಾಹೇಬ್ರ, ಬ್ಯಾಂಕ ಮುಳುಗಿದ್ದು ಯಾರ ಹೊಣಿ?”

ವೇದಿಕೆಯಲ್ಲಿದ್ದ ಮಂತ್ರಿಗಳು ನಕ್ಕರು. “ಎಲ್ಲಾರ ಹೊಣಿ ಐತ್ರಿ ಬಾಯಾರ.”

“ಹಂಗಾದ್ರ ಬೋನಸ್ಸೂ ಎಲ್ಲಾರಿಗೂ ಹಂಚ್ರಿ.”

ಸಭೆ ಗೊಳ್ಳೆಂದಿತು. ಅಧ್ಯಕ್ಷರು ಅವಸರದಲ್ಲಿ ಊಟಕ್ಕೆ ಕರೆದರು. ಜಿಲೇಬಿಯ ವಾಸನೆಗೆ ಎಲ್ಲರೂ ಎದ್ದು ಹೋದರು. ನರ್ಸಬಾಯಿ ಮಾತ್ರ ಸಿಕ್ಕಿಸಿದ ಸೆರಗನ್ನು ಸಡಿಲಿಸದೆ ಅಲ್ಲೇ ನಿಂತಿದ್ದರು.